ಸಾಲು ಹದಿನೇಳು

ಶಾರ್ಜಾದ ರೋಲಾದಲ್ಲಿ, ಚಿನ್ನದಂಗಡಿಗಳ ಬೆನ್ನಿಗೆ
ನಮ್ಮ ಟೈಪಿಂಗ್ ಸೆಂಟರು.
ಹತ್ತೊಂಬತ್ತು ವರ್ಷ ಬೇರೆಯವರ ಮಾತು ಕುಟ್ಟಿದ್ದೇನೆ:
ವೀಸಾ, ಬಾಡಿಗೆ ಕರಾರು, ಕಳೆದುಹೋದ ಪಾಸ್‌ಪೋರ್ಟು,
ಸಂಬಳ ಬಾರದ ಮೇಸ್ತ್ರಿಯ ಮೊರೆ.
ಪುಟಕ್ಕೆ ಹದಿನೈದು ದಿರ್ಹಮ್.
ಒಳಗಿನ ಸಂಕಟಕ್ಕೆ ಬೇರೆ ದರವಿಲ್ಲ.

ಜೂನ್ ತಿಂಗಳ ಮಧ್ಯಾಹ್ನ. ಹೊರಗೆ ಧೂಳು,
ಒಳಗೆ ಎಸಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಲವೀನಾ ಬಾಯಿ ಬಂದರು, ನಮ್ಮದೇ ಕಟ್ಟಡ, ನಾಲ್ಕನೇ ಮಹಡಿ.
ಹಿಂದೆ ಅವಿಟಾ, ಹದಿನಾಲ್ಕರವಳು,
ಶಾಲೆಯ ಐಡಿ ಕಾರ್ಡಿನ ದಾರ ಕಚ್ಚುತ್ತ.

"ಪೊಲೀಸರಿಗೆ ಬರೆಯಬೇಕು. ಅರಬಿಯಲ್ಲಿ. ಇವತ್ತೇ."

ಅಸೆಂಬ್ಲಿಯಲ್ಲಿ ಆ ದಿನದ ಸುದ್ದಿ ಓದುವಾಗ
'ಪಾರ್ಲಿಮೆಂಟ್' ಎಂಬಲ್ಲಿ ನಾಲಿಗೆ ಸಿಕ್ಕಿಕೊಂಡಿತ್ತು.
ಹನ್ನೊಂದು ಸೆಕೆಂಡು.
ಯಾರೋ ಹಿಡಿದಿಟ್ಟರು, ಯಾರೋ ತಾಳ ಕೂಡಿಸಿದರು,
ಯಾರೋ ಮುಖ ಕತ್ತರಿಸಿ ಸ್ಟಿಕರ್ ಮಾಡಿದರು,
ತುಟಿಯ ಜಾಗದಲ್ಲಿ ಕೋಳಿಯ ಕೊಕ್ಕು.
ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ
ಇನ್ನೂರು ಫೋನುಗಳಲ್ಲಿ ಅವಳ ಹೆಸರು 'ಪಾ-ಪಾ'.
ಈಗ ಮನೆಯಲ್ಲೂ ಮಾತಿಲ್ಲ.
ಉಪ್ಪು ಬೇಕಿದ್ದರೆ ಬೆರಳು ತೋರಿಸುತ್ತಾಳೆ.

ನನ್ನ ಕೀಬೋರ್ಡಿನ ಒಂದು ಕೀ ಒಮ್ಮೊಮ್ಮೆ ಸಿಕ್ಕಿಕೊಂಡು
ಒಂದೇ ಅಕ್ಷರ ನಾಲ್ಕು ಸಲ ಬೀಳುತ್ತದೆ.
ಅಳಿಸಿ ಮುಂದೆ ಹೋಗುತ್ತೇನೆ.
ಯಾವ ಗಿರಾಕಿಯೂ ಈವರೆಗೆ ನಕ್ಕಿಲ್ಲ.

ಪುರಾವೆಗೆಂದು ಆಕೆ ಫೋನು ಮುಂದಿಟ್ಟರು.
ಸ್ಟಿಕರಿನಡಿ ನಗುವ ಹಳದಿ ಮುಖಗಳು,
ಒಂದೊಂದಕ್ಕೂ ಒಂದು ನಂಬರು.
ಸ್ಕೇಲು ಇಟ್ಟು ಕುಟ್ಟುತ್ತ ಹೋದೆ,
ಹದಿನಾಲ್ಕು, ಹದಿನೈದು, ಹದಿನಾರು.
ಹದಿನೇಳನೆಯದು
ಪ್ರತಿ ತಿಂಗಳ ಮೊದಲ ವಾರ
ನಾನೇ ರೀಚಾರ್ಜ್ ಮಾಡುವ ನಂಬರು.

ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು.

ಮೋಕ್ಷಿತ್. ಮಾಡಿದವನಲ್ಲ, ಕಳಿಸಿದವನಲ್ಲ,
ಒಂದು ನಗು ಒತ್ತಿ
ಬಹುಶಃ ಹಲ್ಲುಜ್ಜಲು ಹೋದವನು.
ಬಿಡಬಹುದಿತ್ತು. ಇಪ್ಪತ್ತಾರು ಸಾಲಿನಲ್ಲಿ ಒಂದು,
ಯಾರು ಎಣಿಸುತ್ತಾರೆ?
ಇಂಥ ಕಾಗದಕ್ಕೆ ಮೊಹರು ಬಿದ್ದರೆ
ಇಡೀ ಮನೆಯ ವೀಸಾ ನಡುಗಬಹುದು.
ಅದು ನನಗಲ್ಲದೆ ಇನ್ನಾರಿಗೆ ಗೊತ್ತು?

ಕುಟ್ಟಿದೆ. ಹತ್ತು ಅಂಕಿ. ಎರಡು ಸಲ ತಾಳೆ ನೋಡಿದೆ.
ಆಮೇಲೆ ಹೇಳಿದೆ, "ಬಾಯಮ್ಮ, ಇದು ನಮ್ಮ ಹುಡುಗನದು."

ಆಕೆ ಬಯ್ಯಲಿಲ್ಲ.
ಸಹಿ ಹಾಕದೆ ಕಾಗದ ಮಡಚಿ ಬ್ಯಾಗಿಗಿಟ್ಟರು.
"ಗುರುವಾರದವರೆಗೆ," ಎಂದರು, ಅಷ್ಟೇ.
ದುಡ್ಡು ಬೇಡವೆಂದರೂ ಎಣಿಸಿಟ್ಟು ಹೋದರು.

ರಾತ್ರಿ ಫೋನು ಕಸಿಯಲಿಲ್ಲ. ಕೈಯೆತ್ತಲಿಲ್ಲ,
ಎತ್ತಿದ್ದನ್ನು ಇಳಿಸಿದೆ ಎಂದರೆ ಸರಿ.
"ಓದು," ಎಂದೆ, "ಅದರ ಕೆಳಗೆ ಬಂದದ್ದನ್ನೆಲ್ಲ.
ಗಟ್ಟಿಯಾಗಿ. ಅಮ್ಮನ ಮುಂದೆ."
ಎರಡು ಸಾಲು ಓದಿದ. ಮೂರನೆಯದಕ್ಕೆ
ಫೋನನ್ನು ಬೋರಲು ಹಾಕಿದ.
"ಎಲ್ಲರೂ ನಕ್ಕರು ಅಪ್ಪ.
ನಗದಿದ್ದರೆ ನನ್ನ ಮೇಲೆ ತಿರುಗುತ್ತಿದ್ದರು."

ಅದೂ ಸುಳ್ಳಲ್ಲ. ಗಿರಾಕಿಯೊಬ್ಬನ ಉಚ್ಚಾರಣೆಯನ್ನು
ನಮ್ಮ ಯಜಮಾನ ಅಣಕಿಸಿದಾಗ
ಇದೇ ಕೌಂಟರಿನ ಹಿಂದೆ ನಾನೂ ನಕ್ಕಿದ್ದೇನೆ.
ಹೇಳಿಬಿಟ್ಟೆ ಅವನಿಗೆ ಅದನ್ನೂ.
ಮೂವರೂ ತಣ್ಣಗಾದ ಗಂಜಿ ಉಂಡೆವು.

ಮಲಗುವ ಮುಂಚೆ ಗುಂಪಿನಲ್ಲಿ ಬರೆದ:
ನಾನು ನಕ್ಕದ್ದು ತಪ್ಪು. ಅಳಿಸಿ ಅದನ್ನು.
ಮೂವರು ಅಳಿಸಿದರು. ಒಬ್ಬ ಅದೇ ಸ್ಟಿಕರು ಮತ್ತೆ ಒಗೆದ,
ಈ ಸಲ ಕೊಕ್ಕು ಮೋಕ್ಷಿತನಿಗೆ.

ಗುರುವಾರ ಶಾಲೆಯ ಕೌನ್ಸೆಲರ್ ಬಾಗಿಲಲ್ಲಿ
ಲವೀನಾ ಬಾಯಿ, ನಾನು, ಪ್ರಿಂಟಾದ ಒಂಬತ್ತು ಹಾಳೆ.
ಇನ್ನಿಬ್ಬರು ಅಪ್ಪಂದಿರು ಬಂದರು. ಮೂವರು ಫೋನೆತ್ತಲಿಲ್ಲ.
ವಿಡಿಯೊ ಮಾಡಿದವನ ತಾಯಿ
"ಮಕ್ಕಳಾಟ" ಎಂದರು, ಹಾಳೆ ಕಾಣುವವರೆಗೆ.
ಆ ಕಾಗದ ಇನ್ನೂ ಬ್ಯಾಗಿನಲ್ಲಿದೆ. ನಾನು ಕೇಳಿಲ್ಲ.

ಇವತ್ತು ಬೆಳಿಗ್ಗೆ ಲಿಫ್ಟು ನಾಲ್ಕರಲ್ಲಿ ನಿಂತಿತು.
ಅವಿಟಾ ಒಳಬಂದಳು, ನನ್ನತ್ತ ನೋಡಿದಳು.
"ಗು," ಎಂದಳು. "ಗು. ಗು."
ಮೂರು, ಎರಡು, ಒಂದು.
ಕೆಳಗೆ ಬಾಗಿಲು ತೆರೆಯಿತು, ಬಸ್ಸು ಹಾರ್ನು ಹೊಡೆಯಿತು.
"ಗುಡ್ ಮಾರ್ನಿಂಗ್ ಅಂಕಲ್" ಪೂರ್ತಿಯಾಗುವವರೆಗೆ
ಮೋಕ್ಷಿತ್
ಬಾಗಿಲು ಮುಚ್ಚದಂತೆ
ಹೆಬ್ಬೆರಳಲ್ಲಿ ಬಟನ್ ಒತ್ತಿಹಿಡಿದಿದ್ದ.